ಸರ್ಪಗಂಧದ ಬೇರು

ಸರ್ಪಗಂಧವೆಂಬ ಹೆಸರನ್ನು ಮಾತ್ರ ಕೇಳಿದ್ದವರು ಆ ಗಿಡವನ್ನು ಮೊದಲ ಸಲ ಕಂಡಾಗ ಸಾಮಾನ್ಯವಾಗಿ ನಿರಾಶರಾಗುತ್ತಾರೆ. ಹೆಸರಿನಲ್ಲಿರುವ ಭೀತಿಯಾಗಲಿ ಗಾಂಭೀರ್ಯವಾಗಲಿ ಗಿಡದಲ್ಲಿ ಇಲ್ಲ. ಮೊಳಕಾಲೆತ್ತರ, ಬಹಳವಾಯಿತೆಂದರೆ ಸೊಂಟದೆತ್ತರ ಬೆಳೆಯುವ, ಕವಲು ಹೆಚ್ಚಿಲ್ಲದ ಪುಟ್ಟ ಪೊದೆಗಿಡ ಅದು. ಗೆಣ್ಣಿಗೆ ಮೂರು ಮೂರರಂತೆ ಸುತ್ತುಗಟ್ಟಿ ಕುಳಿತ ನೀಳವಾದ ಎಲೆಗಳು. ಕೆಂಪು ತೊಟ್ಟಿನ ತುದಿಯಲ್ಲಿ ಬಿಳಿಯೆಂದೂ ನಸುಗೆಂಪೆಂದೂ ಹೇಳಬಹುದಾದ ಸಣ್ಣ ಹೂಗಳ ಗೊಂಚಲು. ಹೂವಿನ ಬಳಿಕ ಬಟಾಣಿಗಿಂತ ತುಸು ಚಿಕ್ಕದಾದ ಕಾಯಿಗಳು; ಮಾಗುತ್ತ ಬಂದಂತೆ ಅವು ನೇರಳೆಗಪ್ಪಿಗೆ ತಿರುಗುತ್ತವೆ. ಪಶ್ಚಿಮಘಟ್ಟದ ತೇವವಿರುವ ಕಾಡುಗಳಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ, ಮದುವೆಮನೆಗೆ ಬಂದ ಬಡ ನೆಂಟನಂತೆ ಇದು ಒಂದು ಬದಿಗೆ ನಿಂತಿರುತ್ತದೆ. ಹೂಬಿಡದ ದಿನಗಳಲ್ಲಿ ಪಕ್ಕದಲ್ಲೇ ನಡೆದುಹೋದರೂ ಗುರುತು ಹತ್ತುವುದಿಲ್ಲ.

ಇದರ ಮಹಿಮೆಯೆಲ್ಲ ಇರುವುದು ಮಣ್ಣಿನ ಕೆಳಗೆ. ನೆಟ್ಟಗೆ ಕೆಳಗಿಳಿಯುವ, ಬೆರಳು ಗಾತ್ರದ, ಅಲ್ಲಲ್ಲಿ ತಿರುಚಿಕೊಂಡ ಒಂದು ಬೇರು. ಹೊರಸಿಪ್ಪೆ ಮಣ್ಣುಬಣ್ಣ, ಮುರಿದರೆ ಒಳಗೆ ಮಾಸಲು ಹಳದಿ. ನಾಲಗೆಗೆ ತಾಗಿಸಿದರೆ ಬಹಳ ಹೊತ್ತು ಬಿಡದ ಕಹಿ. ಮೂಗಿಗೆ ಹಿಡಿದರೆ ಮಾತ್ರ ಹೇಳಿಕೊಳ್ಳುವಂಥ ವಾಸನೆ ಏನೂ ಇಲ್ಲ. ಗಂಧವಿಲ್ಲದ ಬೇರಿಗೆ ಗಂಧವೆಂಬ ಹೆಸರು ಹೇಗೆ ಅಂಟಿಕೊಂಡಿತೆಂದು ಕೇಳಿದರೆ, ಅದರ ಗಾಳಿಗೆ ಹಾವು ಓಡಿಹೋಗುತ್ತದೆ, ಆ ವಾಸನೆ ನಮಗೆ ತಿಳಿಯದು, ಹಾವಿಗೆ ತಿಳಿಯುತ್ತದೆ ಎಂದು ನಮ್ಮ ಕಡೆಯ ಮುದುಕರು ಹೇಳುತ್ತಿದ್ದರು. ಇಂಥ ಉತ್ತರಕ್ಕೆ ಪ್ರತ್ಯುತ್ತರವಿಲ್ಲ. ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿ ಎಂಬ ಹೆಸರೂ ಉಂಟು. ಕೆಲವರು ಪಾತಾಳಗರುಡವೆಂದೂ ಕರೆಯುತ್ತಾರೆ. ಆದರೆ ಅದೇ ಹೆಸರಿನಿಂದ ಬೇರೊಂದು ಬಳ್ಳಿಯನ್ನು ಕರೆಯುವವರೂ ಇದ್ದಾರೆ. ಔಷಧದ ವಿಷಯದಲ್ಲಿ ಹೆಸರಿನ ಗೊಂದಲ ಸಣ್ಣ ಗೊಂದಲವಲ್ಲ. ಅದರ ಮಾತು ಮುಂದೆ ಬರುತ್ತದೆ.

ಸುಶ್ರುತಸಂಹಿತೆಯಲ್ಲಿ ವಿಷಚಿಕಿತ್ಸೆಯ ಸಂದರ್ಭದಲ್ಲಿ ಸರ್ಪಗಂಧಾ ಎಂಬ ಮೂಲಿಕೆ ಬರುತ್ತದೆ. ಅದು ಇದೇ ಗಿಡವೆಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ಟ ೧೫೬೩ರಲ್ಲಿ ಅಚ್ಚುಹಾಕಿಸಿದ ತನ್ನ ಗ್ರಂಥದಲ್ಲಿ, ಹಾವಿನ ಮರವೆಂದು ಕರೆಯುವ ಕೆಲವು ಬೇರುಗಳ ಸಂಗತಿಯನ್ನು ಬರೆದಿದ್ದಾನೆ. ಅವುಗಳಲ್ಲೊಂದು ನಮ್ಮ ಸರ್ಪಗಂಧವೇ ಎಂದು ಸಸ್ಯಶಾಸ್ತ್ರಜ್ಞರು ಗುರುತಿಸಿದ್ದಾರೆ. ಮುಂಗುಸಿಯು ಹಾವಿನೊಡನೆ ಕಾದಾಡುವ ಮುನ್ನ ಈ ಬೇರನ್ನು ಕಚ್ಚಿ ಬರುತ್ತದೆಂಬ ಕಥೆ ಆಗಲೇ ಪ್ರಚಾರದಲ್ಲಿತ್ತು. ನಮ್ಮ ಊರುಗಳಲ್ಲಿ ಆ ಕಥೆ ಇಂದಿಗೂ ಸತ್ತಿಲ್ಲ. ಮುಂಗುಸಿ ಗೆಲ್ಲುವುದು ತನ್ನ ಚುರುಕಿನಿಂದ, ಮತ್ತು ವಿಷವನ್ನು ಒಂದು ಮಟ್ಟಿಗೆ ತಾಳಿಕೊಳ್ಳುವಂತೆ ಹುಟ್ಟಿನಿಂದಲೇ ಬಂದ ದೇಹಗುಣದಿಂದ, ಬೇರಿನಿಂದಲ್ಲ. ಹಾವು ಕಚ್ಚಿದವನಿಗೆ ಸರ್ಪಗಂಧವನ್ನು ತೇಯ್ದು ಕುಡಿಸುತ್ತ ಕುಳಿತರೆ ಕಳೆದುಹೋಗುವುದು ಅವನ ಪ್ರಾಣ ಉಳಿಸಬಹುದಾಗಿದ್ದ ಗಳಿಗೆಗಳು. ಅದಕ್ಕೆ ಇರುವ ಮದ್ದು ಆಸ್ಪತ್ರೆಯ ಪ್ರತಿವಿಷ ಒಂದೇ. ಹೆಸರು ಏನನ್ನು ಹೇಳುತ್ತದೆಯೋ ಆ ಕೆಲಸಕ್ಕೆ ಈ ಗಿಡ ಬಾರದು. ಯಾವ ಕೆಲಸಕ್ಕೆ ಬರುತ್ತದೆಯೋ ಅದರ ಸುಳಿವು ಹೆಸರಿನಲ್ಲಿ ಇಲ್ಲ.

ಅದರ ಶಾಸ್ತ್ರೀಯ ಹೆಸರಿನ ಕಥೆಯೂ ಇದೇ ಬಗೆಯದು. ರೌವೋಲ್ಫಿಯ ಸರ್ಪೆಂಟಿನ ಎಂದು ಸಸ್ಯಶಾಸ್ತ್ರದಲ್ಲಿ ಕರೆಯುತ್ತಾರೆ. ಲಿಯೊನ್‌ಹಾರ್ಟ್ ರೌವೋಲ್ಫ್ ಎಂಬಾತ ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿದ್ದ ವೈದ್ಯ. ಮೂಲಿಕೆಗಳನ್ನು ಹುಡುಕುತ್ತ ೧೫೭೩ರಿಂದ ಮೂರು ವರ್ಷಗಳ ಕಾಲ ಸಿರಿಯ, ಮೆಸೊಪೊಟೇಮಿಯಗಳನ್ನು ಸುತ್ತಿದವನು. ಭಾರತಕ್ಕೆ ಅವನು ಬರಲೇ ಇಲ್ಲ. ಅವನು ಸತ್ತು ನೂರು ವರ್ಷಗಳ ಮೇಲೆ, ೧೭೦೩ರಲ್ಲಿ, ಪ್ಲುಮಿಯೆ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಒಂದು ಸಸ್ಯಕುಲಕ್ಕೆ ಅವನ ನೆನಪಿಗಾಗಿ ಆ ಹೆಸರಿಟ್ಟ. ಮುಂದೆ ನಮ್ಮ ಸರ್ಪಗಂಧವೂ ಆ ಕುಲಕ್ಕೆ ಸೇರಿತು. ಹೀಗೆ ತಾನು ಕಾಣದ ಗಿಡದ ಮೇಲೆ ಆ ಪುಣ್ಯಾತ್ಮನ ಹೆಸರು ನಿಂತುಬಿಟ್ಟಿದೆ. ಅದನ್ನು ತಲೆತಲಾಂತರದಿಂದ ಬಲ್ಲವರ ಹೆಸರು ಎಲ್ಲಿಯೂ ಇಲ್ಲ.

ಇದರ ಕುಟುಂಬದ ಬಗೆಗೆ ಒಂದು ಮಾತು. ನಮ್ಮ ಅಂಗಳದ ಕಣಗಿಲೆ, ದೇವಸ್ಥಾನದ ಮುಂದಿನ ದೇವಕಣಗಿಲೆ, ಹಿತ್ತಿಲಿನ ನಿತ್ಯಪುಷ್ಪ ಇವೆಲ್ಲ ಸರ್ಪಗಂಧದ ದಾಯಾದಿಗಳು. ಕಣಗಿಲೆಯ ಬೇರು ಅರೆದು ಕುಡಿದು ಜೀವ ಕಳೆದುಕೊಂಡವರ ಸುದ್ದಿಯನ್ನು ಹಳ್ಳಿಯಲ್ಲಿ ಬೆಳೆದವರು ಕೇಳದೆ ಇರಲಾರರು. ಅದೇ ಮನೆತನದ ನಿತ್ಯಪುಷ್ಪದಿಂದ ರಕ್ತದ ಕ್ಯಾನ್ಸರಿಗೆ ಔಷಧ ದೊರಕಿದೆ. ದನಕರು ಬಾಯಿಹಾಕದಿರಲೆಂದು ಗಿಡ ತನ್ನ ರಕ್ಷಣೆಗೆ ಮಾಡಿಕೊಂಡ ಕಹಿಯೇ ನಮಗೆ ಔಷಧವೂ ಆಗುತ್ತದೆ, ವಿಷವೂ ಆಗುತ್ತದೆ. ಇಂಥ ಕಹಿ ಸತ್ತ್ವಗಳನ್ನು ರಸಾಯನಶಾಸ್ತ್ರದಲ್ಲಿ ಆಲ್ಕಲಾಯ್ಡುಗಳೆನ್ನುತ್ತಾರೆ. ಸರ್ಪಗಂಧದ ಬೇರಿನಲ್ಲಿ ಇವು ಐವತ್ತಕ್ಕೂ ಹೆಚ್ಚು. ಅವುಗಳ ಬಹುಪಾಲು ಇರುವುದು ಬೇರಿನ ತೊಗಟೆಯಲ್ಲಿ.

ಬಿಹಾರದ ಹಳ್ಳಿಗಳಲ್ಲಿ ಈ ಬೇರಿಗೆ ಹಾವಿನ ಸಂಬಂಧಕ್ಕಿಂತ ಬೇರೆಯಾದ ಇನ್ನೊಂದು ಖ್ಯಾತಿ ಇತ್ತು. ಅಲ್ಲಿಯ ಸಂತೆಗಳಲ್ಲಿ ಇದನ್ನು ‘ಪಾಗಲ್ ಕಿ ದವಾ’, ಅಂದರೆ ಹುಚ್ಚಿನ ಮದ್ದು ಎಂದೇ ಮಾರುತ್ತಿದ್ದರು. ಹಗಲಿಡೀ ಕೂಲಿಗೆ ಹೋಗಬೇಕಾದ ತಾಯಂದಿರು ಹಠಮಾಡುವ ಮಕ್ಕಳಿಗೆ ಇದರ ಚೂರನ್ನು ಕೊಟ್ಟು ಮಲಗಿಸುವುದೂ ಉಂಟಾಗಿತ್ತು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು; ಎಷ್ಟು ಮಕ್ಕಳು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಮಲಗಿರಬಹುದು! ಆದರೆ ಒಂದು ಮಾತನ್ನು ಒಪ್ಪಬೇಕು. ಈ ಬೇರು ಕೆರಳಿದ ಮನಸ್ಸನ್ನು ತಣ್ಣಗೆ ಮಾಡುತ್ತದೆಂಬುದನ್ನು ಯಾವ ಪ್ರಯೋಗಶಾಲೆಯೂ ಮೊದಲು ಕಂಡುಹಿಡಿಯಲಿಲ್ಲ. ಕಂಡುಕೊಂಡವರು ಅಕ್ಷರ ಬಾರದ ಆ ತಾಯಂದಿರು, ಸಂತೆಯಲ್ಲಿ ಗೋಣಿ ಹಾಸಿ ನಾರುಬೇರು ಮಾರುತ್ತಿದ್ದವರು.

ಅದನ್ನು ಅಕ್ಷರಕ್ಕೆ ತಂದವರು ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್. ಸೇನರು ಕವಿರಾಜರ ಪರಂಪರೆಯವರಾಗಿದ್ದು ಪಾಶ್ಚಾತ್ಯ ವೈದ್ಯವನ್ನೂ ಓದಿಕೊಂಡವರು. ‘ಇಂಡಿಯನ್ ಮೆಡಿಕಲ್ ವರ್ಲ್ಡ್’ ಎಂಬ ಪತ್ರಿಕೆಯಲ್ಲಿ ೧೯೩೧ರಲ್ಲಿ ಇಬ್ಬರೂ ಸೇರಿ ಬರೆದ ಲೇಖನದ ಶೀರ್ಷಿಕೆಯಲ್ಲಿಯೇ ಈ ಬೇರು ಉನ್ಮಾದಕ್ಕೂ ಅಧಿಕ ರಕ್ತದೊತ್ತಡಕ್ಕೂ ಹೊಸ ಭಾರತೀಯ ಔಷಧವೆಂದು ಸಾರಿದ್ದರು. ಬೇರಿನ ಪುಡಿಯಿಂದ ರೋಗಿಯ ಉದ್ರೇಕ ಇಳಿಯುತ್ತದೆ, ನಿದ್ರೆ ಬರುತ್ತದೆ, ರಕ್ತದೊತ್ತಡ ತಗ್ಗುತ್ತದೆ ಎಂಬುದು ಅವರು ಕಂಡ ಸಂಗತಿ. ಅವರು ಬಳಸಿದ ಪ್ರಮಾಣವನ್ನು ನಾನು ಇಲ್ಲಿ ಬೇಕೆಂದೇ ಹೇಳುತ್ತಿಲ್ಲ. ಹೇಳಿದರೆ ನಾಳೆ ಬೆಳಗ್ಗೆ ಗ್ರಂಥಿಗೆ ಅಂಗಡಿಯ ಮುಂದೆ ನಿಲ್ಲುವವರು ಇದ್ದಾರೆಂಬುದನ್ನು ಅನುಭವದಿಂದ ಬಲ್ಲೆ.

ಅದೇ ೧೯೩೧ರಲ್ಲಿ ದೆಹಲಿಯಲ್ಲಿ ಇನ್ನೊಂದು ಕೆಲಸ ನಡೆಯಿತು. ಯುನಾನಿ ವೈದ್ಯರೂ ದೇಶಭಕ್ತರೂ ಆಗಿದ್ದ ಹಕೀಮ್ ಅಜ್ಮಲ್ ಖಾನರು ಕಟ್ಟಿದ ತಿಬ್ಬಿಯಾ ಕಾಲೇಜಿನ ಸಂಶೋಧನಶಾಲೆಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಎಂಬ ರಸಾಯನಜ್ಞರು ಸರ್ಪಗಂಧದ ಬೇರಿನಿಂದ ಐದು ಆಲ್ಕಲಾಯ್ಡುಗಳನ್ನು ಹರಳುಗಳ ರೂಪದಲ್ಲಿ ಬೇರ್ಪಡಿಸಿದರು. ಹಕೀಮರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಸ್ಮರಣೆಗಾಗಿ ಒಂದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಎದೆಬಡಿತದ ಲಯಕ್ಕೆ ಸಂಬಂಧಿಸಿದ ಕೆಲವು ವಂಶಪಾರಂಪರ್ಯ ದೋಷಗಳನ್ನು ಪತ್ತೆಮಾಡಲು ಆ ಅಜ್ಮಲೀನ್ ಇಂದಿಗೂ ಯೂರೋಪಿನ ಆಸ್ಪತ್ರೆಗಳಲ್ಲಿ ಬಳಕೆಯಾಗುತ್ತಿದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಸಿದ್ದಿಕಿಯವರ ಅಂದವಾದ ಹರಳುಗಳಲ್ಲಿ ಯಾವುದಕ್ಕೂ ನಿದ್ರೆ ತರಿಸುವ ಗುಣ ಇರಲಿಲ್ಲ. ಹರಳುಗಳನ್ನು ತೆಗೆದುಕೊಂಡ ಮೇಲೆ ಪಾತ್ರೆಯಲ್ಲಿ ಉಳಿಯುತ್ತಿದ್ದ, ರಾಳದಂತೆ ಅಂಟಂಟಾದ ಕಂದು ಶೇಷದಲ್ಲಿ ಆ ಗುಣವಿರುವುದನ್ನು ಮುಂದೆ ನಮ್ಮ ದೇಶದ ಸಂಶೋಧಕರೇ ಕಂಡರು. ಆದರೆ ಆ ಅಂಟಿನೊಳಗಿನಿಂದ ಶುದ್ಧ ಸತ್ತ್ವವನ್ನು ಬಿಡಿಸಿ ತೆಗೆಯುವುದು ಅವರಿಂದ ಆಗಲಿಲ್ಲ. ಅದನ್ನು ೧೯೫೨ರಲ್ಲಿ ಸಾಧಿಸಿದವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಕಂಪನಿಯ ಮ್ಯೂಲರ್, ಶ್ಲಿಟ್ಲರ್ ಮತ್ತು ಬೈನ್. ಅವರು ಅದಕ್ಕೆ ರಿಸರ್ಪಿನ್ ಎಂದು ಹೆಸರಿಟ್ಟರು. ಬೇರಿನ ತೂಕದಲ್ಲಿ ಅದರ ಪಾಲು ಸಾವಿರಕ್ಕೆ ಒಂದರ ಆಸುಪಾಸು. ನಾಲ್ಕು ವರ್ಷಗಳ ಬಳಿಕ ಅಮೆರಿಕದ ವುಡ್‌ವರ್ಡ್ ಅದನ್ನು ಗಿಡದ ಹಂಗಿಲ್ಲದೆ ಪ್ರಯೋಗಶಾಲೆಯಲ್ಲಿ ಕಟ್ಟಿ ತೋರಿಸಿದ. ರಸಾಯನಶಾಸ್ತ್ರದವರು ಆ ಸಾಧನೆಯನ್ನು ಒಂದು ಕಾವ್ಯದ ಬಗೆಗೆ ಮಾತಾಡುವಂತೆ ಮಾತಾಡುತ್ತಾರೆ.

ಬಾಸೆಲಿನವರ ಕಣ್ಣು ಇತ್ತ ಹರಿಯುವುದಕ್ಕೂ ಒಂದು ಕಾರಣವಿತ್ತು. ಮುಂಬಯಿಯ ಹೃದ್ರೋಗತಜ್ಞ ಡಾ. ರುಸ್ತುಂ ಜಾಲ್ ವಕೀಲರು ಐವತ್ತು ಮಂದಿ ರಕ್ತದೊತ್ತಡದ ರೋಗಿಗಳಿಗೆ ಈ ಬೇರಿನ ಗುಳಿಗೆಗಳನ್ನು ಕೊಟ್ಟು, ಫಲಿತಾಂಶವನ್ನು ಕ್ರಮವಾಗಿ ಬರೆದಿಟ್ಟು, ‘ಬ್ರಿಟಿಷ್ ಹಾರ್ಟ್ ಜರ್ನಲ್’ ಪತ್ರಿಕೆಯಲ್ಲಿ ೧೯೪೯ರಲ್ಲಿ ಪ್ರಕಟಿಸಿದ್ದರು. ಕಲಕತ್ತೆಯ ಲೇಖನಕ್ಕೂ ಇದಕ್ಕೂ ನಡುವೆ ಹದಿನೆಂಟು ವರ್ಷ. ಪಶ್ಚಿಮದವರು ಓದುವ ಪತ್ರಿಕೆಯಲ್ಲಿ ಬಂದಾಗ ಮಾತ್ರ ಸತ್ಯಕ್ಕೆ ಕಾಲು ಬಂದಿತೆಂದು ಕೊರಗುವವರ ಜೊತೆ ನಾನು ಪೂರ್ತಿಯಾಗಿ ಸೇರಲಾರೆ. ವಕೀಲರ ಲೇಖನದಲ್ಲಿ ರೋಗಿ ರೋಗಿಯ ಲೆಕ್ಕವಿತ್ತು: ಮೊದಲು ಒತ್ತಡ ಎಷ್ಟು, ವಾರಗಳ ಬಳಿಕ ಎಷ್ಟು ಇಳಿಯಿತು, ಯಾರಿಗೆ ಏನು ತೊಂದರೆಯಾಯಿತು ಎಂದು. ಲೋಕ ನಂಬಿದ್ದು ಆ ಲೆಕ್ಕವನ್ನು. ವಕೀಲರಿಗೆ ೧೯೫೭ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂದಿತು. ಅದೇ ವರ್ಷ ಅದೇ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಒಬ್ಬರು. ಸರ್ಪಗಂಧವನ್ನು ಅಲ್ಲಿಯ ಮಾನಸಿಕ ಆಸ್ಪತ್ರೆಯಲ್ಲಿ ಪ್ರಯೋಗಿಸಿ ೧೯೫೪ರಲ್ಲಿ ವರದಿ ಮಾಡಿದವರು.

ಆ ಕಾಲದ ಮಾನಸಿಕ ಆಸ್ಪತ್ರೆಗಳೆಂದರೆ ಬೀಗ, ಸರಪಳಿ, ವಿದ್ಯುತ್ತಿನ ಆಘಾತ. ಅಲ್ಲಿ ಗುಳಿಗೆಯೊಂದರಿಂದ ರೋಗಿ ಶಾಂತನಾಗಿ ಹಾಸಿಗೆಯ ಮೇಲೆ ಕುಳಿತು ಮಾತಿಗೆ ಉತ್ತರ ಕೊಡುವುದು ಒಂದು ಪವಾಡವಾಗಿಯೇ ಕಂಡಿರಬೇಕು. ಹೆಚ್ಚು ಕಡಿಮೆ ಅದೇ ಸಮಯಕ್ಕೆ ಫ್ರಾನ್ಸಿನಿಂದ ಕ್ಲೋರ್‌ಪ್ರೊಮಝೀನ್ ಎಂಬ ಇನ್ನೊಂದು ಔಷಧವೂ ಬಂದಿತು. ಪವಾಡದ ಹಿಂದೆ ಏನಿದೆಯೆಂದು ನೋಡಲು ವಿಜ್ಞಾನಿಗಳು ಹೊರಟಾಗಲೇ ಸರ್ಪಗಂಧದ ಕಥೆಯ ಅತ್ಯಂತ ಮಹತ್ತ್ವದ ಭಾಗ ಆರಂಭವಾಗುವುದು.

ನಮ್ಮ ನರಗಳ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಿವೆ. ಅವುಗಳನ್ನು ಕಣಜಗಳೆಂದು ಭಾವಿಸಬಹುದು. ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಸೆರೊಟೋನಿನ್, ಡೋಪಮೀನ್, ನಾರ್‌ಅಡ್ರಿನಲಿನ್ ಮೊದಲಾದ ದ್ರವ್ಯಗಳನ್ನು ದೇಹ ತಯಾರಿಸಿ ಈ ಕಣಜಗಳಲ್ಲಿ ತುಂಬಿಡುತ್ತದೆ. ಬೇಕಾದಾಗ ಅಳೆದು ಹೊರಗೆ ಕೊಡುತ್ತದೆ. ರಿಸರ್ಪಿನ್ ಮಾಡುವ ಕೆಲಸ ಇಷ್ಟೇ: ಕಣಜದ ಬಾಯಿಗೆ ಅಡ್ಡ ಕೂತುಬಿಡುತ್ತದೆ. ಬೆಳೆ ಬರುತ್ತಲೇ ಇರುತ್ತದೆ, ಒಳಗೆ ಹೋಗುವುದಿಲ್ಲ. ಹೊರಗುಳಿದ ಕಾಳನ್ನು ಇಲಿ ಹೆಗ್ಗಣ ತಿನ್ನುವಂತೆ ಅಲ್ಲಿಯೇ ಇರುವ ಕಿಣ್ವಗಳು ಮುಗಿಸಿಬಿಡುತ್ತವೆ. ಕೆಲವು ದಿನಗಳಲ್ಲಿ ಕಣಜ ಬರಿದು. ರಕ್ತನಾಳಗಳನ್ನು ಬಿಗಿಯುವ ಸುದ್ದಿ ಹೋಗದಾದ್ದರಿಂದ ಒತ್ತಡ ಇಳಿಯುತ್ತದೆ, ನಾಡಿ ನಿಧಾನವಾಗುತ್ತದೆ. ಮಿದುಳಿನಲ್ಲಿ ಗದ್ದಲದ ಸುದ್ದಿ ನಿಲ್ಲುವುದರಿಂದ ಉದ್ರೇಕ ಅಡಗುತ್ತದೆ. ಒಮ್ಮೆ ಕೂತ ರಿಸರ್ಪಿನ್ ಸುಲಭವಾಗಿ ಏಳದು. ಆದಕಾರಣ ಔಷಧ ನಿಲ್ಲಿಸಿದ ಮೇಲೂ ಅದರ ನೆರಳು ವಾರಗಟ್ಟಲೆ ಉಳಿಯುತ್ತದೆ.

ಕಣಜ ಬರಿದಾಗುವ ಈ ಸಂಗತಿಯನ್ನು ಮೊದಲು ತೋರಿಸಿದ್ದು ಅಮೆರಿಕದ ಬ್ರೋಡಿಯ ಪ್ರಯೋಗಶಾಲೆ, ೧೯೫೫ರಲ್ಲಿ. ಅಲ್ಲಿ ಕೆಲವು ಕಾಲ ಕೆಲಸ ಮಾಡಿ ಬಂದಿದ್ದ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮುಂದುವರಿಸಿದ. ರಿಸರ್ಪಿನ್ ಕೊಟ್ಟ ಮೊಲಗಳು ಕಿವಿ ಜೋತು, ಇಟ್ಟಲ್ಲಿಯೇ ಕಲ್ಲಿನಂತೆ ಕುಳಿತುಬಿಟ್ಟವು. ಡೋಪಮೀನ್ ತಯಾರಿಗೆ ಬೇಕಾದ ಎಲ್-ಡೋಪ ಎಂಬ ಪದಾರ್ಥವನ್ನು ಅವುಗಳಿಗೆ ಕೊಟ್ಟಾಗ ಸ್ವಲ್ಪ ಹೊತ್ತಿನಲ್ಲಿಯೇ ಕಿವಿ ಎತ್ತಿ ಓಡಾಡತೊಡಗಿದವು. ಇದು ೧೯೫೭ರ ಮಾತು. ಕೈಕಾಲು ನಡುಗಿ ಮೈ ಮರಗಟ್ಟುವ ಪಾರ್ಕಿನ್‌ಸನ್ ರೋಗದಲ್ಲಿ ಕೊರತೆ ಬೀಳುವುದು ಇದೇ ಡೋಪಮೀನ್ ಎಂಬ ತಿಳಿವಿಗೆ, ಆ ರೋಗಿಗಳಿಗೆ ಇಂದಿಗೂ ಕೊಡುವ ಚಿಕಿತ್ಸೆಗೆ, ಆ ಮೊಲಗಳೇ ದಾರಿ ತೋರಿದವು. ಕಾರ್ಲ್‌ಸನ್ನನಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರಕಿತು.

ಶಾಂತಿಗೂ ಬರಿದಾಗುವುದಕ್ಕೂ ಅಂತರ ಎಷ್ಟು? ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಸಾಗರದ ಸೀಮೆಯಲ್ಲಿ ನಮ್ಮ ದೊಡ್ಡಪ್ಪ ಇದ್ದರು. ಅಡಕೆ ತೋಟ, ಒಂದಿಷ್ಟು ಗದ್ದೆ. ಮಳೆಗಾಲ ಬಂತೆಂದರೆ ತಾಳಮದ್ದಳೆಯ ಅರ್ಥಧಾರಿ. ಅವರ ಕರ್ಣನ ಅರ್ಥ ಕೇಳಲು ಜನ ಹೊಳೆ ದಾಟಿ ಬರುತ್ತಿದ್ದರು. ೧೯೭೧ರ ಸುಮಾರಿಗೆ ಅವರಿಗೆ ರಕ್ತದೊತ್ತಡವಿದೆಯೆಂದು ತಿಳಿದು, ಪೇಟೆಯ ವೈದ್ಯರೊಬ್ಬರು ಗುಳಿಗೆ ಕೊಟ್ಟರು. ಗುಳಿಗೆಯನ್ನು ಅವರು ತಪ್ಪದೆ ನುಂಗುತ್ತಿದ್ದರು. ಆರು ತಿಂಗಳಲ್ಲಿ ದೊಡ್ಡಪ್ಪ ಬೇರೆಯೇ ಮನುಷ್ಯರಾಗಿಬಿಟ್ಟರು. ಜಗಲಿಯ ಕಂಬಕ್ಕೆ ಒರಗಿ ಕುಳಿತರೆ ಮಧ್ಯಾಹ್ನ ಸಂಜೆಯಾಗುತ್ತಿತ್ತು. ತೋಟಕ್ಕೆ ಇಳಿಯಲಿಲ್ಲ. ಕೊಳೆರೋಗಕ್ಕೆ ಔಷಧ ಹೊಡೆಸುವ ಕಾಲ ಮೀರಿತೆಂದು ದೊಡ್ಡಮ್ಮ ಹೇಳಿದರೆ ತಲೆ ಆಡಿಸಿ ಸುಮ್ಮನಾಗುತ್ತಿದ್ದರು. ಆ ವರ್ಷ ಕೂಟಕ್ಕೆ ಕರೆಯಲು ಬಂದವರನ್ನು ಬಾಗಿಲಿನಿಂದಲೇ ಕಳಿಸಿದರು. ರಜೆಯಲ್ಲಿ ಹೋಗಿದ್ದ ನಾನು ಪಕ್ಕದಲ್ಲಿ ಕುಳಿತು ಕೇಳಿದೆ. “ಎಂಥದ್ದೂ ಬೇಡ ಅನ್ನಿಸ್ತದೆ ಮಾರಾಯ” ಎಂದರು. “ದುಃಖ ಅಂತಲ್ಲ. ಬೇಡ, ಅಷ್ಟೇ.”

ದೈವದ ಕಾಟವೆಂದರು ಕೆಲವರು, ವಯಸ್ಸೆಂದರು ಕೆಲವರು. ಒಂದು ದಿನ, ಊರಿಗೆ ಬಂದಿದ್ದ ನೆಂಟರ ಹುಡುಗ, ಆಗಷ್ಟೇ ವೈದ್ಯಕೀಯ ಮುಗಿಸಿದವನು, ಗುಳಿಗೆಯ ಪಟ್ಟಿಯನ್ನು ತಿರುಗಿಸಿ ಓದಿ, “ದೊಡ್ಡಪ್ಪಯ್ಯ, ಇದರ ಜೊತೆ ಬೇರೆ ಏನಾದರೂ ತಗೊಳ್ತೀರಾ?” ಎಂದು ಕೇಳಿದ. ತೆಗೆದುಕೊಳ್ಳುತ್ತಿದ್ದರು. ನಿದ್ದೆ ಸರಿಯಾಗಿ ಬರಲೆಂದು, ಗುಡ್ಡದಾಚೆಯ ನಾಟಿವೈದ್ಯರು ಕೊಟ್ಟ ಒಂದು ಬೇರನ್ನು ದೊಡ್ಡಮ್ಮ ದಿನವೂ ರಾತ್ರಿ ಹಾಲಿನಲ್ಲಿ ತೇಯ್ದು ಕೊಡುತ್ತಿದ್ದರು. ತೇಯುವ ಕಲ್ಲಿನ ಪಕ್ಕದಲ್ಲಿ ಅದರ ತುಂಡು ಇನ್ನೂ ಇತ್ತು: ಮಣ್ಣುಬಣ್ಣದ ಸಿಪ್ಪೆ, ಒಳಗೆ ಮಾಸಲು ಹಳದಿ. ಪೇಟೆಯ ಗುಳಿಗೆಯಲ್ಲಿ ಇದ್ದದ್ದು ರಿಸರ್ಪಿನ್. ಒಂದೇ ಗಿಡ ಎರಡು ದಾರಿಯಿಂದ ಒಂದೇ ಮೈಗೆ ಸೇರುತ್ತಿತ್ತು. ಡಾಕ್ಟರಿಗೆ ಪಂಡಿತರ ವಿಷಯ ಗೊತ್ತಿಲ್ಲ, ಪಂಡಿತರಿಗೆ ಡಾಕ್ಟರ ವಿಷಯ ಗೊತ್ತಿಲ್ಲ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ತಿಳಿದವರೇ.

ಬೇರು ನಿಂತಿತು, ಗುಳಿಗೆ ಬದಲಾಯಿತು. ಎರಡು ತಿಂಗಳ ಮೇಲೆ ದೊಡ್ಡಪ್ಪ ಎದ್ದು ತೋಟಕ್ಕೆ ಹೋದರೆಂದು ಕಾಗದ ಬಂದಿತು. ಮುಂದಿನ ಮಳೆಗಾಲದಲ್ಲಿ ಒಂದು ಕೂಟಕ್ಕೂ ಹೋದರು. ಮೊದಲಿನಷ್ಟು ಹೊತ್ತು ಮಾತಾಡಲಿಲ್ಲವಂತೆ. ಅವರ ಮಂಕಿಗೆ ಬೇರೇ ಕಾರಣವೆಂದು ಆಣೆಮಾಡಿ ಹೇಳಲು ನನ್ನಿಂದಾಗದು. ಆ ವರ್ಷ ಅವರ ಬಾಳಿನಲ್ಲಿ ಬೇರೆ ತಾಪತ್ರಯಗಳೂ ಇದ್ದವು. ಆದರೆ ಕಣಜ ಬರಿದಾಗುವ ಸಂಗತಿಯನ್ನು ಮುಂದೆ ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಮೊಲಗಳಲ್ಲ, ಜಗಲಿಯ ಆ ಕಂಬ.

ಪುಸ್ತಕಗಳಲ್ಲಿ ಇದರ ವಿವಾದ ದೊಡ್ಡದಿದೆ. ಐವತ್ತರ ದಶಕದಲ್ಲಿಯೇ ರಿಸರ್ಪಿನ್ ತೆಗೆದುಕೊಂಡ ರಕ್ತದೊತ್ತಡದ ರೋಗಿಗಳಲ್ಲಿ ಕೆಲವರು ಗಾಢ ಖಿನ್ನತೆಗೆ ಬಿದ್ದರೆಂಬ, ಕೆಲವರು ಆತ್ಮಹತ್ಯೆಗೆ ಯತ್ನಿಸಿದರೆಂಬ ವರದಿಗಳು ಬಂದವು. ಖಿನ್ನತೆಯೆಂಬುದು ಮಿದುಳಿನ ಈ ದ್ರವ್ಯಗಳ ಕೊರತೆಯೇ ಇರಬಹುದೆಂಬ ಊಹೆಗೆ ಆ ವರದಿಗಳು ಒಂದು ಆಧಾರವಾದವು. ಇಂದು ಮಾರುಕಟ್ಟೆಯಲ್ಲಿರುವ ಖಿನ್ನತೆಯ ಔಷಧಗಳಲ್ಲಿ ಹಲವು ಆ ಊಹೆಯ ಮಕ್ಕಳು. ಹಳೆಯ ವರದಿಗಳನ್ನು ಮತ್ತೆ ಪರಿಶೀಲಿಸಿದವರು, ತೊಂದರೆ ಹೆಚ್ಚಾಗಿ ಕಂಡದ್ದು ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ, ಹಿಂದೆಯೇ ಖಿನ್ನತೆಯ ಹಿನ್ನೆಲೆ ಇದ್ದವರಲ್ಲಿ, ಸಣ್ಣ ಪ್ರಮಾಣದಲ್ಲಿ ಭಯ ಅಷ್ಟಿಲ್ಲ ಎನ್ನುತ್ತಾರೆ. ಖಿನ್ನತೆಯನ್ನು ಒಂದು ದ್ರವ್ಯದ ಕೊರತೆಯೆಂದು ವಿವರಿಸುವುದೂ ಈಗ ಯಾರಿಗೂ ಸಾಲದೆ ಬಂದಿದೆ. ೧೯೭೪ರಲ್ಲಿ ಈ ಔಷಧದಿಂದ ಸ್ತನದ ಕ್ಯಾನ್ಸರ್ ಬರುತ್ತದೆಂಬ ಸುದ್ದಿಯೊಂದು ಎದ್ದಿತ್ತು. ಮುಂದಿನ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ. ಆದರೂ ಕೆಟ್ಟ ಹೆಸರು ಬಂದದ್ದು ಹೋಗಲಿಲ್ಲ. ಅಷ್ಟರಲ್ಲಿ ಹೊಸ ಔಷಧಗಳು ಬಂದವು, ರಿಸರ್ಪಿನ್ ಮೂಲೆ ಸೇರಿತು.

ಅದಕ್ಕೆ ನ್ಯಾಯವಾಗಿ ಸಲ್ಲಬೇಕಾದದ್ದೂ ಒಂದಿದೆ. ರಕ್ತದೊತ್ತಡಕ್ಕೆ ಔಷಧ ಕೊಟ್ಟರೆ ನಿಜವಾಗಿಯೂ ಪ್ರಾಣ ಉಳಿಯುತ್ತದೆಯೇ ಎಂಬುದು ಅರವತ್ತರ ದಶಕದವರೆಗೂ ವೈದ್ಯರ ಚರ್ಚೆಯ ವಿಷಯವಾಗಿತ್ತು. ಉಳಿಯುತ್ತದೆಂದು ನಿಸ್ಸಂದೇಹವಾಗಿ ತೋರಿಸಿದ್ದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ೧೪೩ ಮಂದಿಯ ಮೇಲೆ ನಡೆದು ೧೯೬೭ರಲ್ಲಿ ಪ್ರಕಟವಾದ ಪ್ರಯೋಗ. ಅಲ್ಲಿ ಬಳಸಿದ ಮೂರು ಔಷಧಗಳಲ್ಲಿ ರಿಸರ್ಪಿನ್ ಒಂದು. ಇಂದು ನಾವು ನಿರ್ಯೋಚನೆಯಿಂದ ನುಂಗುವ ಒತ್ತಡದ ಗುಳಿಗೆಗಳೆಲ್ಲಕ್ಕೂ ಆ ಪ್ರಯೋಗದ ಋಣವಿದೆ.

ಗುಳಿಗೆಯಲ್ಲಿ ಅಳತೆ ಮಿಲಿಗ್ರಾಮಿನ ಹತ್ತನೆಯ ಒಂದು ಪಾಲು, ಕಾಲು ಪಾಲು ಎಂದು ಖಚಿತವಾಗಿರುತ್ತದೆ. ಬೇರಿಗೆ ಅಂಥ ಅಳತೆ ಎಲ್ಲಿಂದ ಬರಬೇಕು? ಎರಡು ವರ್ಷದ ಬೇರಿನಲ್ಲಿ ಇದ್ದಷ್ಟು ಸತ್ತ್ವ ಎಳೆಯದರಲ್ಲಿ ಇರುವುದಿಲ್ಲ. ಒಂದು ಕಾಡಿನದು ಇನ್ನೊಂದು ಕಾಡಿನದರಂತೆ ಇಲ್ಲ. ಅಗೆದ ಋತುವಿನಿಂದಲೂ ವ್ಯತ್ಯಾಸವಾಗುತ್ತದೆ. ತೇಯುವ ಕೈ ಇಂದು ನಾಲ್ಕು ಸುತ್ತು ಹೆಚ್ಚಾಗಿ ತಿರುಗಿದರೆ ಅದೂ ಲೆಕ್ಕಕ್ಕೆ ಸೇರಿತು. ಇದರ ಮೇಲೆ ಕಲಬೆರಕೆ. ಅಮೆರಿಕ ಖಂಡದಿಂದ ಬಂದು ನಮ್ಮ ದೇಶದ ಬೀಳುಭೂಮಿಯಲ್ಲಿ ನೆಲೆಯೂರಿರುವ ಇನ್ನೊಂದು ರೌವೋಲ್ಫಿಯ ಇದೆ. ಅದರಲ್ಲಿ ಎಲೆಗಳು ಗೆಣ್ಣಿಗೆ ನಾಲ್ಕು, ಒಂದರಂತೆ ಒಂದಿಲ್ಲ. ಒಣಗಿಸಿ ಚೂರು ಮಾಡಿದ ಮೇಲೆ ಇದರ ಬೇರಾವುದು ಅದರ ಬೇರಾವುದು ಎಂದು ಹೇಳುವುದು ಪಳಗಿದವರಿಗೂ ಕಷ್ಟ. ಪ್ರಮಾಣ ಮೀರಿದರೆ ಮೂಗು ಕಟ್ಟುವುದು, ಹೊಟ್ಟೆಯ ಹುಣ್ಣು ಕೆರಳುವುದು, ದುಃಸ್ವಪ್ನ, ಕೈನಡುಕ, ನಾಡಿ ಕುಸಿಯುವುದು ಎಲ್ಲ ಉಂಟು. ಬಸುರಿಯರು, ಎಳೆಮಕ್ಕಳ ತಾಯಂದಿರು ಇದರ ಹತ್ತಿರ ಸುಳಿಯಬಾರದು. ಏಕೆಂದರೆ ಇದು ಗರ್ಭವನ್ನೂ ಮೊಲೆಹಾಲನ್ನೂ ಹೊಕ್ಕುತ್ತದೆ.

ಇನ್ನು ಗಿಡದ ಸ್ವಂತ ಸ್ಥಿತಿ. ಅಳಲೆಯನ್ನೋ ಸೀಗೆಯನ್ನೋ ಕಾಡಿನಿಂದ ತಂದರೆ ಮರವೂ ಬಳ್ಳಿಯೂ ಅಲ್ಲಿ ಉಳಿಯುತ್ತವೆ. ಸರ್ಪಗಂಧವನ್ನು ತರುವುದೆಂದರೆ ಬೇರು ತರುವುದು, ಬೇರು ತಂದಮೇಲೆ ಅಲ್ಲಿ ಗಿಡವಿಲ್ಲ. ಐವತ್ತರ ದಶಕದಲ್ಲಿ ಪರದೇಶದ ಬೇಡಿಕೆ ಒಮ್ಮೆಲೇ ಏರಿದಾಗ ಲೆಕ್ಕವಿಲ್ಲದಷ್ಟು ಬೇರು ನಮ್ಮ ಕಾಡುಗಳಿಂದ ಹೊರಟಿತು. ನಮ್ಮ ಸರ್ಕಾರ ರಫ್ತಿಗೆ ನಿರ್ಬಂಧ ಹಾಕಿದ ಮೇಲೆ ವ್ಯಾಪಾರಿಗಳು ಆಫ್ರಿಕದ ಕಡೆ ತಿರುಗಿದರು. ಅಲ್ಲಿಯ ಕಾಡುಗಳಲ್ಲಿ ಇದರ ಸೋದರಿಯೊಂದು, ವೊಮಿಟೋರಿಯ ಎಂಬ ಹೆಸರಿನದು, ಆಳೆತ್ತರ ಮೀರಿ ಬೆಳೆಯುತ್ತದೆ. ವಾಂತಿ ತರಿಸುವುದೆಂಬುದೇ ಆ ಹೆಸರಿನ ಅರ್ಥ. ನೈಜೀರಿಯದ ನಾಟಿವೈದ್ಯರು ಅದನ್ನು ಬಳಸುತ್ತಿದ್ದದ್ದು ಯಾವುದಕ್ಕೆ ಗೊತ್ತೆ? ಹುಚ್ಚಿಗೆ. ಬಿಹಾರದ ಸಂತೆಗೂ ಅವರಿಗೂ ನಡುವೆ ಒಂದು ಸಮುದ್ರವಿದೆ. ರಿಸರ್ಪಿನ್ ತಯಾರಿಕೆಗೆ ಆ ಸೋದರಿಯ ಬೇರು ಒದಗಿಬಂತು.

ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ನಿಯಂತ್ರಿಸಬೇಕಾದ ಜೀವಿಗಳ ಪಟ್ಟಿಗೆ ನಮ್ಮ ಸರ್ಪಗಂಧ ೧೯೯೦ರಲ್ಲಿ ಸೇರಿತು. ಆದರೆ ಒಳನಾಡಿನ ಬೇಡಿಕೆ ನಿಂತಿಲ್ಲ. ನಾನು ಹುಡುಗನಾಗಿದ್ದಾಗ ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಹತ್ತಿಪ್ಪತ್ತು ಗಿಡ ಒಟ್ಟಿಗೆ ಕಾಣುತ್ತಿದ್ದ ಒಂದು ಜಾಗವಿತ್ತು. ಕೆಲವು ವರ್ಷಗಳ ಹಿಂದೆ ಒಂದಿಡೀ ಬೆಳಗು ಹುಡುಕಿದೆ. ಹಳೆಯ ಗುಂಡಿಗಳು ಕಂಡವು, ಗಿಡ ಒಂದೂ ಕಾಣಲಿಲ್ಲ.

ಬೆಳೆಸಬಹುದು, ಬೆಳೆಸುತ್ತಾರೆ. ಬೀಜದ ಓಡು ಕಲ್ಲಿನಂತೆ ಗಟ್ಟಿ. ಮೊಳೆಯುವುದು ಕಡಿಮೆ, ಅದೂ ತನ್ನ ಮನಸ್ಸು ಬಂದಾಗ. ಬೇರಿನ ತುಂಡು ನೆಟ್ಟು ಬೆಳೆಸುವುದು ಸುಲಭವೆಂದು ತಿಳಿದವರು ಹೇಳುತ್ತಾರೆ. ನನಗೆ ಮಾತ್ರ ಬೀಜದಿಂದಲೇ ನೋಡಬೇಕೆಂಬ ಹಠ. ಪರಿಚಿತರೊಬ್ಬರ ತೋಟದಿಂದ ಕಪ್ಪಗೆ ಮಾಗಿದ ಮೂವತ್ತು ಹಣ್ಣುಗಳನ್ನು ತಂದು, ತಿರುಳು ತೊಳೆದು, ಮರಳು ಬೆರೆಸಿದ ಮಣ್ಣಿನಲ್ಲಿ ಹಾಕಿದೆ. ಒಂದು ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳಿನಲ್ಲಿ ನಾಲ್ಕು ಮೊಳೆತವು, ಒಂದನ್ನು ಬಸವನಹುಳು ತಿಂದಿತು. ಉಳಿದ ಮೂರು ಈಗ ಮನೆಯ ಹಿಂದಿನ ಹಲಸಿನ ನೆರಳಿನಲ್ಲಿವೆ. ದೊಡ್ಡದಕ್ಕೆ ಈ ವರ್ಷ ಹೂ ಬಂದಿದೆ. ಮೊಮ್ಮಗಳಿಗೆ ಅದರ ಹಣ್ಣನ್ನು ಮುಟ್ಟಬಾರದೆಂದು ಹೇಳಿದ್ದೇನೆ. ಏಕೆಂದು ಕೇಳಿದಳು, ದೊಡ್ಡಪ್ಪನ ಕಥೆಯಿಂದ ಶುರುಮಾಡಿದೆ.